ತೀರ್ಪಿನ ಮಾರನೇ ದಿನ

ಸಂಸತ್ತು ಮಾಡಿದ ಕಾನೂನನ್ನು ಕೋರ್ಟು ರದ್ದು ಮಾಡಿದ ದಿನ ಎರಡು ಮಾತು ಕೇಳಿಬರುತ್ತವೆ. ‘ಜನ ಆರಿಸಿ ಕಳಿಸಿದವರು ಮಾಡಿದ್ದನ್ನು ಅಳಿಸೋಕೆ ಇವರು ಯಾರು?’ ಅನ್ನುವುದು ಒಂದು. ‘ಕೋರ್ಟೇ ಹೇಳಿಯಾಯ್ತಲ್ಲ, ಇನ್ನೇನು ಮಾತು?’ ಅನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ನಿಜ ಇದೆ. ಆದರೆ ಎರಡೂ ತೀರ್ಪಿನ ದಿನಕ್ಕೇ ನಿಂತುಬಿಡುತ್ತವೆ. ಮಾರನೇ ದಿನ ಏನಾಯಿತು ಅಂತ ಕೇಳುವುದಿಲ್ಲ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಈ ಮೂರರಲ್ಲಿ ಯಾರ ಕೈ ಮೇಲು ಅನ್ನುವುದು ನಿಜವಾಗಿ ಗೊತ್ತಾಗುವುದು ಆ ಮಾರನೇ ದಿನವೇ.

ಮೊದಲು ಎರಡು ವಿಚಾರಗಳನ್ನು ಬೇರೆ ಬೇರೆ ಮಾಡಿಕೊಳ್ಳೋಣ. ಇವೆರಡೂ ಒಂದೇ ಅಂದುಕೊಳ್ಳುವುದರಿಂದಲೇ ಈ ಚರ್ಚೆ ಜಾಸ್ತಿ ಹಾದಿ ತಪ್ಪುತ್ತದೆ.

ಮೊದಲನೆಯದು ನ್ಯಾಯಾಂಗ ಪರಾಮರ್ಶೆ. ಕೋರ್ಟಿನ ಮುಂದೆ ಒಂದು ಕೇಸು ಬರುತ್ತದೆ. ಅದಕ್ಕೆ ಸಂಬಂಧಪಟ್ಟ ಕಾನೂನು ಒಂದು ಮಾತು ಹೇಳುತ್ತದೆ, ಸಂವಿಧಾನ ಇನ್ನೊಂದು ಹೇಳುತ್ತದೆ. ಆಗ ಕೋರ್ಟು ಸಂವಿಧಾನವನ್ನು ಹಿಡಿದು ಕಾನೂನನ್ನು ಬದಿಗಿಡುತ್ತದೆ. ಎರಡನೆಯದು ನ್ಯಾಯಾಂಗದ ಪಾರಮ್ಯ. ಇದು ಇನ್ನೂ ದೊಡ್ಡ ಮಾತು. ಸಂವಿಧಾನಕ್ಕೆ ಕೋರ್ಟು ಕೊಟ್ಟ ಅರ್ಥವೇ ಅದರ ಅರ್ಥ. ಕೇಸಿನಲ್ಲಿ ಇದ್ದವರು, ಇಲ್ಲದವರು, ಸರ್ಕಾರ, ಸಂಸತ್ತು ಎಲ್ಲರೂ ಅದನ್ನು ಒಪ್ಪಿಯೇ ನಡೆಯಬೇಕು ಅನ್ನುವ ಮಾತು. ಮೊದಲನೆಯದನ್ನು ಒಪ್ಪಿ ಎರಡನೆಯದನ್ನು ಒಪ್ಪದೆ ಇರಬಹುದು. ಹಾಗೆ ಇದ್ದವರು ಬಹಳ ಜನ. ಅಬ್ರಹಾಂ ಲಿಂಕನ್ ಕೂಡ ಅವರಲ್ಲಿ ಒಬ್ಬರು.

ಪರಾಮರ್ಶೆಯ ಕತೆ ಎಲ್ಲಿ ಹೇಳಿದರೂ ಅಮೆರಿಕದ ಮಾರ್ಬರಿ ಕೇಸಿನಿಂದ ಶುರುವಾಗುತ್ತದೆ. ಈ ಕೇಸನ್ನು ಸ್ವಲ್ಪ ಹತ್ತಿರದಿಂದಲೇ ನೋಡಬೇಕು.

1801ರ ಮಾರ್ಚ್ ತಿಂಗಳು. ಚುನಾವಣೆಯಲ್ಲಿ ಸೋತ ಅಧ್ಯಕ್ಷ ಜಾನ್ ಆಡಮ್ಸ್ ಅಧಿಕಾರ ಬಿಡುವ ಮುಂಚೆ ತನ್ನ ಕಡೆಯವರನ್ನು ಸಾಲಾಗಿ ನ್ಯಾಯಾಧೀಶರ ಹುದ್ದೆಗಳಿಗೆ ನೇಮಿಸುತ್ತಾರೆ. ಆ ಪಟ್ಟಿಯಲ್ಲಿ ವಿಲಿಯಂ ಮಾರ್ಬರಿ ಎಂಬಾತ ಇದ್ದರು. ಅವರದ್ದು ಸಣ್ಣ ಹುದ್ದೆ, ಐದು ವರ್ಷದ್ದು. ನೇಮಕಾತಿ ಪತ್ರಕ್ಕೆ ಅಧ್ಯಕ್ಷರ ಸಹಿ ಬಿತ್ತು. ವಿದೇಶಾಂಗ ಕಾರ್ಯದರ್ಶಿ ಜಾನ್ ಮಾರ್ಷಲ್ ಮೊಹರನ್ನೂ ಒತ್ತಿಸಿದರು. ಆದರೆ ಕೆಲವು ಪತ್ರಗಳು ಅವಸರದಲ್ಲಿ ಕಚೇರಿಯಲ್ಲೇ ಉಳಿದುಹೋದವು. ಮಾರ್ಚ್ 4ಕ್ಕೆ ಥಾಮಸ್ ಜೆಫರ್ಸನ್ ಅಧ್ಯಕ್ಷರಾದರು. ಉಳಿದ ಪತ್ರಗಳನ್ನು ಕೊಡುವುದು ಬೇಡ ಅಂದರು. ಹೊಸ ಕಾರ್ಯದರ್ಶಿ ಜೇಮ್ಸ್ ಮ್ಯಾಡಿಸನ್ ಕೊಡಲಿಲ್ಲ. ಮಾರ್ಬರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಅವರು ನೇರ ಸುಪ್ರೀಂ ಕೋರ್ಟಿಗೆ ಹೋದರು. 1789ರ ಕಾನೂನೊಂದು ಅದಕ್ಕೆ ದಾರಿ ಕೊಟ್ಟಿತ್ತು. ಅಲ್ಲಿ ಮುಖ್ಯ ನ್ಯಾಯಮೂರ್ತಿಯ ಕುರ್ಚಿಯಲ್ಲಿ ಕೂತಿದ್ದವರು ಇದೇ ಜಾನ್ ಮಾರ್ಷಲ್. ಪತ್ರಕ್ಕೆ ಮೊಹರು ಒತ್ತಿಸಿ ತಲುಪಿಸದೆ ಬಿಟ್ಟವರೇ ಈಗ ಅದರ ತೀರ್ಪು ಕೊಡಬೇಕು. ಇಂದಾಗಿದ್ದರೆ ಅವರು ಆ ಪೀಠದಲ್ಲಿ ಕೂರುತ್ತಲೇ ಇರಲಿಲ್ಲ.

ಮಾರ್ಷಲ್ ಅವರಿಗೆ ಎರಡೂ ಕಡೆ ಇಕ್ಕಟ್ಟು. ‘ಪತ್ರ ಕೊಡು’ ಅಂತ ಆದೇಶ ಕೊಟ್ಟರೆ ಜೆಫರ್ಸನ್ ಸರ್ಕಾರ ಅದನ್ನು ಕಿವಿಗೆ ಹಾಕಿಕೊಳ್ಳುವ ಹಾಗಿರಲಿಲ್ಲ. ಕೋರ್ಟಿನ ಮರ್ಯಾದೆ ಅಲ್ಲಿಗೇ ಮುಗಿಯುತ್ತಿತ್ತು. ಆದೇಶ ಕೊಡದಿದ್ದರೆ ಹೆದರಿ ಸುಮ್ಮನಾದರು ಅನ್ನುತ್ತಿದ್ದರು. 1803ರ ಫೆಬ್ರವರಿ 24ರಂದು ಅವರು ಕೊಟ್ಟ ತೀರ್ಪು ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುವ ಹಾಗಿತ್ತು. ಮಾರ್ಬರಿಗೆ ಪತ್ರ ಸಿಗಲೇಬೇಕು, ಕೊಡದೆ ಇರುವುದು ತಪ್ಪು ಅಂದರು. ಆದರೆ ಇಂಥ ಕೇಸನ್ನು ನೇರವಾಗಿ ಕೇಳುವ ಅಧಿಕಾರವನ್ನು ಸುಪ್ರೀಂ ಕೋರ್ಟಿಗೆ ಕೊಟ್ಟ 1789ರ ಕಾನೂನಿನ ಆ ಭಾಗವೇ ಸಂವಿಧಾನಕ್ಕೆ ವಿರುದ್ಧ, ಹಾಗಾಗಿ ಅದು ನಡೆಯದು, ನಾವು ಆದೇಶ ಕೊಡಲಾರೆವು ಅಂದರು. ಕಾನೂನು ಏನೆಂದು ಹೇಳುವುದು ನ್ಯಾಯಾಂಗದ ಕೆಲಸ, ಅದರ ಕರ್ತವ್ಯ ಎಂಬ ಮಾತನ್ನೂ ಅದರಲ್ಲಿ ಬರೆದರು.

ಈಗ ಮಾರನೇ ದಿನ ನೋಡಿ. ಪಾಲಿಸಬೇಕಾದ ಆದೇಶವೇ ಇಲ್ಲ! ಜೆಫರ್ಸನ್ ಮೀರಬೇಕೆಂದರೂ ಮೀರಲು ಏನೂ ಸಿಗಲಿಲ್ಲ. ಮಾರ್ಬರಿಗೆ ಆ ಹುದ್ದೆ ಕೊನೆಗೂ ಸಿಗಲಿಲ್ಲ. ಕೋರ್ಟು ತನಗೆ ಬಂದಿದ್ದ ಒಂದು ಚಿಕ್ಕ ಅಧಿಕಾರವನ್ನು ಬಿಟ್ಟುಕೊಟ್ಟು ಕಾನೂನನ್ನೇ ರದ್ದು ಮಾಡುವ ದೊಡ್ಡ ಅಧಿಕಾರವನ್ನು ತನ್ನದಾಗಿಸಿಕೊಂಡಿತ್ತು. ಆದರೂ ಆ ತೀರ್ಪಿನಲ್ಲಿ ‘ನಾವು ಹೇಳಿದ್ದೇ ಕೊನೆ’ ಅಂತ ಎಲ್ಲೂ ಇಲ್ಲ. ಸಂವಿಧಾನ ಎಲ್ಲರನ್ನೂ ಕಟ್ಟಿಹಾಕುತ್ತದೆ, ಕೋರ್ಟನ್ನೂ ಸೇರಿಸಿ, ಅಂತ ಇದೆ. ಅದಾದ ಮೇಲೆ ಆ ಕೋರ್ಟು ಸಂಸತ್ತಿನ ಇನ್ನೊಂದು ಕಾನೂನನ್ನು ರದ್ದು ಮಾಡಿದ್ದು 54 ವರ್ಷ ಕಳೆದು, 1857ರಲ್ಲಿ.

ಆ ತೀರ್ಪು ಅಮೆರಿಕದ ಚರಿತ್ರೆಯ ದೊಡ್ಡ ಕಳಂಕ. ಡ್ರೆಡ್ ಸ್ಕಾಟ್ ಎಂಬ ಗುಲಾಮ ತನ್ನ ಸ್ವಾತಂತ್ರ್ಯ ಕೇಳಿ ಕೋರ್ಟಿಗೆ ಹೋಗಿದ್ದ. ಕಪ್ಪು ಜನ ಈ ದೇಶದ ಪ್ರಜೆಗಳೇ ಆಗಲಾರರು ಅಂತ ಕೋರ್ಟು 7ಕ್ಕೆ 2ರ ಬಹುಮತದಿಂದ ಹೇಳಿತು. ಇನ್ನೂ ರಾಜ್ಯಗಳಾಗದ ಪ್ರದೇಶಗಳಲ್ಲಿ ಗುಲಾಮಗಿರಿ ನಿಷೇಧಿಸುವ ಅಧಿಕಾರ ಸಂಸತ್ತಿಗೆ ಇಲ್ಲ ಅಂತಲೂ ಹೇಳಿತು.

ಈ ತೀರ್ಪೇ ಕೊನೆಯ ಮಾತು ಅಂತ ಒಪ್ಪಿಬಿಟ್ಟಿದ್ದರೆ? 1861ರಲ್ಲಿ ಅಧ್ಯಕ್ಷರಾದ ದಿನ ಲಿಂಕನ್ ಇದಕ್ಕೆ ಉತ್ತರ ಕೊಟ್ಟರು. ತೀರ್ಪು ಆ ಕೇಸಿನವರಿಗೆ ಅನ್ವಯಿಸುತ್ತದೆ, ಅದನ್ನು ಮೀರುವ ಮಾತಿಲ್ಲ. ಉಳಿದ ಅಂಗಗಳು ಅದಕ್ಕೆ ಗೌರವವನ್ನೂ ಕೊಡಬೇಕು. ಆದರೆ ಇಡೀ ದೇಶಕ್ಕೆ ಸಂಬಂಧಿಸಿದ ದೊಡ್ಡ ಪ್ರಶ್ನೆಯನ್ನು ಒಂದು ಕೇಸಿನ ತೀರ್ಪೇ ಶಾಶ್ವತವಾಗಿ ಮುಗಿಸಿಬಿಟ್ಟರೆ ಜನ ತಮ್ಮನ್ನು ತಾವು ಆಳಿಕೊಳ್ಳುವುದನ್ನೇ ಬಿಟ್ಟ ಹಾಗೆ ಅಂದರು. 1862ರಲ್ಲಿ ಸಂಸತ್ತು, ಕೋರ್ಟು ‘ನಿಮಗೆ ಅಧಿಕಾರ ಇಲ್ಲ’ ಅಂದಿದ್ದ ಕಾನೂನನ್ನೇ ಮಾಡಿತು: ಆ ಪ್ರದೇಶಗಳಲ್ಲಿ ಗುಲಾಮಗಿರಿ ನಿಷೇಧ. ಅಂತರ್ಯುದ್ಧ ಮುಗಿದ ಮೇಲೆ, 1868ರ 14ನೇ ತಿದ್ದುಪಡಿ ಅಲ್ಲಿ ಹುಟ್ಟಿದವರೆಲ್ಲ ಪ್ರಜೆಗಳು ಎಂದು ಸಂವಿಧಾನದಲ್ಲೇ ಬರೆಯಿತು.

ಇಷ್ಟು ಓದಿದರೆ ಲಿಂಕನ್ ಹೇಳಿದ್ದೇ ಸರಿ ಅನ್ನಿಸುತ್ತದೆ ಅಲ್ವಾ? ನನಗೂ ಅನ್ನಿಸುತ್ತದೆ. ಆದರೆ ಅದೇ ವಾದ ಬೇರೆಯವರ ಕೈಗೆ ಸಿಕ್ಕಾಗ ಏನಾಯಿತು ಅಂತಲೂ ನೋಡಬೇಕು.

1954ರಲ್ಲಿ ಸುಪ್ರೀಂ ಕೋರ್ಟು, ಶಾಲೆಗಳಲ್ಲಿ ಕಪ್ಪು ಮಕ್ಕಳನ್ನು ಬಿಳಿ ಮಕ್ಕಳಿಂದ ಬೇರೆ ಇಡುವುದು ಸಂವಿಧಾನಕ್ಕೆ ವಿರುದ್ಧ ಅಂತ ಹೇಳಿತು. ಅರ್ಕಾನ್ಸಾಸ್ ರಾಜ್ಯದವರು ಒಪ್ಪಲಿಲ್ಲ. ನಾವು ಆ ಕೇಸಿನಲ್ಲಿ ಇರಲಿಲ್ಲ, ಆ ತೀರ್ಪು ನಮ್ಮನ್ನು ಕಟ್ಟಿಹಾಕದು ಅಂದರು. 1957ರ ಸೆಪ್ಟೆಂಬರಿನಲ್ಲಿ ಲಿಟಲ್ ರಾಕ್ ಊರಿನ ಹೈಸ್ಕೂಲಿಗೆ ಒಂಬತ್ತು ಕಪ್ಪು ಮಕ್ಕಳು ಸೇರಬೇಕಿತ್ತು. ಗವರ್ನರ್ ಓರ್ವಲ್ ಫಾಬಸ್ ರಾಜ್ಯದ ಪಡೆಯನ್ನು ಕಳಿಸಿ ಬಾಗಿಲಲ್ಲೇ ಅವರನ್ನು ತಡೆದರು. ಹೊರಗೆ ಕೂಗಾಡುವ ಗುಂಪು. ಕೊನೆಗೆ ಅಧ್ಯಕ್ಷ ಐಸೆನ್‌ಹೋವರ್ ಸೇನೆಯ 101ನೇ ಏರ್‌ಬೋರ್ನ್ ವಿಭಾಗದ ಸೈನಿಕರನ್ನು ಕಳಿಸಬೇಕಾಯಿತು. ಆ ಮಕ್ಕಳು ಸೈನಿಕರ ಕಾವಲಿನಲ್ಲಿ ಕ್ಲಾಸಿಗೆ ಹೋದರು.

1958ರಲ್ಲಿ ವಿಷಯ ಮತ್ತೆ ಸುಪ್ರೀಂ ಕೋರ್ಟಿಗೆ ಬಂತು. ಒಂಬತ್ತೂ ನ್ಯಾಯಮೂರ್ತಿಗಳು ಒಬ್ಬೊಬ್ಬರಾಗಿ ಹೆಸರು ಹಾಕಿ ಒಂದೇ ತೀರ್ಪು ಬರೆದರು. ಸಂವಿಧಾನದ ಅರ್ಥ ಹೇಳುವುದರಲ್ಲಿ ನ್ಯಾಯಾಂಗವೇ ಮೇಲು, ಅದು ಕೊಟ್ಟ ಅರ್ಥ ಎಲ್ಲ ರಾಜ್ಯಗಳನ್ನೂ ಕಟ್ಟಿಹಾಕುತ್ತದೆ ಅಂದರು. ನ್ಯಾಯಾಂಗದ ಪಾರಮ್ಯ ಎಂಬ ಮಾತು ಇಷ್ಟು ಬಿಡಿಸಿ ಹೇಳಿಸಿಕೊಂಡಿದ್ದು ಇಲ್ಲಿಯೇ. ಅದರ ನಂತರವೂ ಫಾಬಸ್ ಸುಮ್ಮನಾಗಲಿಲ್ಲ. ಆ ವರ್ಷ ಲಿಟಲ್ ರಾಕ್‌ನ ಸರ್ಕಾರಿ ಹೈಸ್ಕೂಲುಗಳಿಗೆ ಬೀಗವೇ ಬಿತ್ತು.

ಗುಲಾಮಗಿರಿಯ ವಿರುದ್ಧ ಲಿಂಕನ್ ಹೂಡಿದ ವಾದ, ಶಾಲೆಯ ಬಾಗಿಲು ಮುಚ್ಚಿದವರ ವಾದ, ಹೊರಗಿನಿಂದ ನೋಡಿದರೆ ಎರಡೂ ಒಂದೇ: ‘ಕೋರ್ಟಿನ ಮಾತು ಆ ಕೇಸಿಗೆ ಮಾತ್ರ.’ ನನಗೆ ಕಾಣುವ ವ್ಯತ್ಯಾಸ ಇದು. ಲಿಂಕನ್ ತೀರ್ಪನ್ನು ಮುರಿಯಲಿಲ್ಲ. ಚುನಾವಣೆ, ಕಾನೂನು, ತಿದ್ದುಪಡಿ ಈ ದಾರಿಯಲ್ಲಿ ಅದನ್ನು ಬದಲಿಸಲು ಹೊರಟರು, ಎಲ್ಲರೆದುರಿಗೆ. ಫಾಬಸ್ ಕೋರ್ಟಿನ ಆದೇಶಕ್ಕೆ ಬಂದೂಕು ಅಡ್ಡ ಇಟ್ಟರು, ಅದೂ ಓಟು ಹಾಕುವ ವಯಸ್ಸೂ ಆಗದ ಮಕ್ಕಳ ಎದುರಿಗೆ. ಕೋರ್ಟಿನ ಅರ್ಥವನ್ನು ಒಪ್ಪದೆ ಇರುವುದು ಬೇರೆ, ಕೋರ್ಟಿನ ಆದೇಶವನ್ನು ಪಾಲಿಸದೆ ಇರುವುದು ಬೇರೆ. ಈ ಗೆರೆ ಅಳಿಸಿಹೋದರೆ, ಬಲ ಇದ್ದವರ ಮುಂದೆ ಗೆದ್ದ ಕೇಸಿನ ಕಾಗದ ಹಿಡಿದು ನಿಂತವರಿಗೆ ದಿಕ್ಕೇ ಇಲ್ಲ.

ಲಿಟಲ್ ರಾಕ್ ಇನ್ನೊಂದನ್ನೂ ಕಣ್ಣೆದುರು ಇಡುತ್ತದೆ. ಕೋರ್ಟಿನ ಹತ್ತಿರ ಸೇನೆಯೂ ಇಲ್ಲ, ಖಜಾನೆಯೂ ಇಲ್ಲ. ಇದನ್ನು ಅಮೆರಿಕದ ಸಂವಿಧಾನ ರೂಪಿಸಿದವರಲ್ಲಿ ಒಬ್ಬರಾದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1788ರಲ್ಲೇ ಬರೆದಿದ್ದರು. ಖಡ್ಗ ಕಾರ್ಯಾಂಗದ ಕೈಯಲ್ಲಿ, ಹಣದ ಚೀಲ ಶಾಸಕಾಂಗದ ಕೈಯಲ್ಲಿ, ನ್ಯಾಯಾಂಗಕ್ಕೆ ಇರುವುದು ವಿವೇಚನೆ ಮಾತ್ರ. ಐಸೆನ್‌ಹೋವರ್ ಸೈನಿಕರನ್ನು ಕಳಿಸದೆ ಇದ್ದಿದ್ದರೆ ಆ ತೀರ್ಪು ಕಾಗದದಲ್ಲೇ ಉಳಿಯುತ್ತಿತ್ತು. ಕೋರ್ಟು ಎಷ್ಟೇ ಮೇಲಿದ್ದರೂ ಅದರ ಮಾತು ನಡೆಯುವುದು ಉಳಿದೆರಡು ಅಂಗಗಳು ನಡೆಸಿಕೊಟ್ಟಾಗ.

ಎಲ್ಲ ದೇಶಗಳೂ ಅಮೆರಿಕದ ದಾರಿ ಹಿಡಿದಿಲ್ಲ. ನೆದರ್ಲೆಂಡ್ಸ್‌ನ ಸಂವಿಧಾನದ 120ನೇ ವಿಧಿ, ಸಂಸತ್ತಿನ ಕಾನೂನು ಸಂವಿಧಾನಕ್ಕೆ ಒಪ್ಪುತ್ತದೋ ಇಲ್ಲವೋ ಎಂದು ಕೋರ್ಟು ನೋಡುವುದನ್ನೇ ನಿಷೇಧಿಸುತ್ತದೆ. ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಹೋಲಿಸಿ ಪರೀಕ್ಷಿಸುವುದಕ್ಕೆ ಮಾತ್ರ ಅಲ್ಲಿ ಅವಕಾಶ ಇದೆ. ಬ್ರಿಟನ್ನಿನಲ್ಲಿ ಸಂಸತ್ತೇ ಮೇಲು. 1998ರ ಮಾನವ ಹಕ್ಕುಗಳ ಕಾಯ್ದೆಯ ಪ್ರಕಾರ ಕೋರ್ಟು ‘ಈ ಕಾನೂನು ಹಕ್ಕುಗಳ ಜೊತೆ ಹೊಂದುವುದಿಲ್ಲ’ ಅಂತ ಘೋಷಿಸಬಹುದು. ಕಾನೂನು ಮಾತ್ರ ಹಾಗೇ ಜಾರಿಯಲ್ಲಿರುತ್ತದೆ. ಹಾಗಾದರೆ ಇದು ಸುಮ್ನೆ ಹೇಳಿಕೆಯಾ? 2004ರ ಡಿಸೆಂಬರಿನಲ್ಲಿ, ಭಯೋತ್ಪಾದನೆಯ ಅನುಮಾನದ ಮೇಲೆ ವಿದೇಶಿಯರನ್ನು ವಿಚಾರಣೆ ಇಲ್ಲದೆ ಕೂಡಿಹಾಕುವ ಕಾನೂನಿನ ಬಗ್ಗೆ ಅಲ್ಲಿನ ಅತ್ಯುನ್ನತ ನ್ಯಾಯಾಧೀಶರು ಹೀಗೇ ಘೋಷಿಸಿದರು. ಮಾರನೇ ದಿನ ಯಾರ ಬಿಡುಗಡೆಯೂ ಆಗಲಿಲ್ಲ. ಆದರೆ ಕೆಲವೇ ತಿಂಗಳಲ್ಲಿ, 2005ರ ಮಾರ್ಚ್‌ನಲ್ಲಿ, ಸಂಸತ್ತು ಆ ಕಾನೂನನ್ನು ಬಿಟ್ಟು ಬೇರೆಯದನ್ನು ತಂದಿತು. ಕಾನೂನು ರದ್ದು ಮಾಡುವ ಅಧಿಕಾರ ಇಲ್ಲದ ಕೋರ್ಟಿನ ಮಾತಿಗೂ ತೂಕ ಇರುತ್ತದೆ.

ಕೆನಡಾ ನಡುವಿನ ದಾರಿ ಹಿಡಿಯಿತು. 1982ರ ಅವರ ಹಕ್ಕುಗಳ ಸನ್ನದಿನಲ್ಲಿ 33ನೇ ಕಲಂ ಇದೆ. ಕೆಲವು ಹಕ್ಕುಗಳ ವಿಷಯದಲ್ಲಿ, ‘ಸನ್ನದಿನಲ್ಲಿ ಹೀಗೆ ಇದ್ದಾಗ್ಯೂ ಈ ಕಾನೂನು ನಡೆಯುತ್ತದೆ’ ಅಂತ ಶಾಸನಸಭೆ ಬಾಯಿಬಿಟ್ಟು ಹೇಳಿದರೆ ಕೋರ್ಟು ಅದನ್ನು ರದ್ದು ಮಾಡಲಾಗದು. ಆದರೆ ಅದರ ಆಯಸ್ಸು ಐದು ವರ್ಷ. ಆಮೇಲೆ ಮತ್ತೆ ಹೇಳಬೇಕು. ಓಟಿನ ಹಕ್ಕಿನಂಥ ಕೆಲವು ಹಕ್ಕುಗಳನ್ನು ಈ ಕಲಂ ಮುಟ್ಟುವ ಹಾಗಿಲ್ಲ. 1988ರ ಡಿಸೆಂಬರಿನಲ್ಲಿ, ಕ್ವಿಬೆಕ್ ಪ್ರಾಂತ್ಯದ ಅಂಗಡಿ ಬೋರ್ಡುಗಳಲ್ಲಿ ಫ್ರೆಂಚ್ ಮಾತ್ರ ಇರಬೇಕು ಅನ್ನುವ ನಿಯಮವನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿತು. ಅದೇ ತಿಂಗಳು ಕ್ವಿಬೆಕ್ 33ನೇ ಕಲಂ ಬಳಸಿ, ಹೊರಗಿನ ಬೋರ್ಡುಗಳಲ್ಲಿ ಫ್ರೆಂಚ್ ಮಾತ್ರ ಅಂತ ಮತ್ತೆ ಕಾನೂನು ತಂದಿತು. ಐದು ವರ್ಷದ ಗಡುವು ಹತ್ತಿರ ಬಂತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯೂ ಆಕ್ಷೇಪ ಎತ್ತಿತು. 1993ರಲ್ಲಿ ಕ್ವಿಬೆಕ್ ತಾನಾಗಿಯೇ ಕಾನೂನು ಬದಲಿಸಿತು: ಬೇರೆ ಭಾಷೆಯೂ ಇರಲಿ, ಫ್ರೆಂಚ್ ಎದ್ದು ಕಾಣಲಿ. ಈ ಕಲಮಿನಲ್ಲಿ ಅಪಾಯ ಇಲ್ಲದೆ ಇಲ್ಲ. ಆದರೆ ಹಕ್ಕನ್ನು ಬದಿಗಿಡುತ್ತಿದ್ದೇವೆ ಅಂತ ಶಾಸಕರು ಒಪ್ಪಿಕೊಂಡು ಹೇಳಬೇಕು, ಐದು ವರ್ಷದೊಳಗೆ ಜನರ ಮುಂದೆ ಓಟಿಗೂ ಹೋಗಬೇಕು. ಅದು ನನಗೆ ಹಿಡಿಸುತ್ತದೆ.

ಇದಕ್ಕೆ ಪೂರ್ತಿ ಎದುರು ತುದಿಯಲ್ಲಿ ಭಾರತ ಇದೆ. ಇಲ್ಲಿನ ಕೋರ್ಟು ಕಾನೂನನ್ನಷ್ಟೇ ಅಲ್ಲ, ಸಂವಿಧಾನದ ತಿದ್ದುಪಡಿಯನ್ನೂ ರದ್ದು ಮಾಡಬಲ್ಲದು.

ಇಲ್ಲಿನ ಹಗ್ಗಜಗ್ಗಾಟ ಭೂ ಸುಧಾರಣೆಯಿಂದ ಶುರುವಾಯಿತು. ತಿದ್ದುಪಡಿ ಮಾಡಿಯೂ ಮೂಲಭೂತ ಹಕ್ಕುಗಳನ್ನು ಮೊಟಕು ಮಾಡುವಂತಿಲ್ಲ ಅಂತ 1967ರ ಗೋಲಕನಾಥ್ ಕೇಸಿನಲ್ಲಿ ಸುಪ್ರೀಂ ಕೋರ್ಟು 6ಕ್ಕೆ 5ರ ಬಹುಮತದಿಂದ ಹೇಳಿತು. ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು ಅಂತ ಸಂಸತ್ತು 1971ರಲ್ಲಿ 24ನೇ ತಿದ್ದುಪಡಿ ತಂದಿತು. ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯವರ ಕೇಸಿನಲ್ಲಿ ಈ ಪ್ರಶ್ನೆ ಮತ್ತೆ ಬಂತು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು 7ಕ್ಕೆ 6ರ ತೀರ್ಪು: ಸಂಸತ್ತು ಯಾವ ಭಾಗವನ್ನೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ. ಮಾರ್ಬರಿಗೆ ಆದದ್ದೇ ಇಲ್ಲೂ ಆಯಿತು. ಕೇರಳದ ಭೂ ಸುಧಾರಣೆ ಕಾನೂನುಗಳಿಗೆ ರಕ್ಷಣೆ ಕೊಟ್ಟಿದ್ದ 29ನೇ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿಯಿತು. ಕೇಸು ಹಾಕಿದವರ ಕೈಗೆ ಹೆಚ್ಚೇನೂ ಬರಲಿಲ್ಲ, ತತ್ವ ಮಾತ್ರ ಉಳಿಯಿತು.

ಮಾರನೇ ದಿನಗಳು ಇಲ್ಲಿ ಕಟುವಾಗಿದ್ದವು. ಬಹುಮತದಲ್ಲಿದ್ದ ಮೂವರು ಹಿರಿಯರನ್ನು, ಅಂದರೆ ಶೆಲಟ್, ಕೆ.ಎಸ್. ಹೆಗ್ಡೆ, ಗ್ರೋವರ್ ಅವರನ್ನು ದಾಟಿ, ಅಲ್ಪಮತದಲ್ಲಿದ್ದ ಎ.ಎನ್. ರೇ ಅವರನ್ನು ಸರ್ಕಾರ ಮುಖ್ಯ ನ್ಯಾಯಮೂರ್ತಿ ಮಾಡಿತು. ತೀರ್ಪು ಬಂದ ಎರಡೇ ದಿನಕ್ಕೆ, ಏಪ್ರಿಲ್ 26ರಂದು, ಅವರು ಅಧಿಕಾರ ವಹಿಸಿಕೊಂಡರು. ಆ ಮೂವರೂ ರಾಜೀನಾಮೆ ಕೊಟ್ಟರು. ಖಡ್ಗ ಹಿರಿಯದೆಯೂ ಕಾರ್ಯಾಂಗ ಕೋರ್ಟನ್ನು ಬಗ್ಗಿಸಲು ನೋಡುವುದು ಹೀಗೆ: ತೀರ್ಪನ್ನು ಬಿಟ್ಟು ತೀರ್ಪುಗಾರರನ್ನು ಬದಲಿಸುವುದು.

ಆದರೆ 1975ರಲ್ಲಿ, ಪ್ರಧಾನಿಯ ಚುನಾವಣೆಯನ್ನು ಕೋರ್ಟಿನಿಂದಲೇ ಹೊರಗಿಡುವ 39ನೇ ತಿದ್ದುಪಡಿ ಇದೇ ಕೋರ್ಟಿನ ಮುಂದೆ ಬಂತು. ಆ ಪೀಠದ ಐವರಲ್ಲಿ ನಾಲ್ವರು 1973ರಲ್ಲಿ ಅಲ್ಪಮತದಲ್ಲಿದ್ದವರು. ಆದರೂ ಕೋರ್ಟು ತಿದ್ದುಪಡಿಯ ಆ ಭಾಗವನ್ನು ತಳ್ಳಿಹಾಕಿತು. ಒಂದು ಮತದ ಅಂತರದಲ್ಲಿ ಹುಟ್ಟಿದ ತತ್ವ ಬೇರು ಬಿಟ್ಟಿದ್ದು ಆಗ. ತಿದ್ದುಪಡಿಗಳನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ ಅಂತ 1976ರ 42ನೇ ತಿದ್ದುಪಡಿ ಹೇಳಿತ್ತು. ಬೆಂಗಳೂರಿನ ಮಿನರ್ವ ಮಿಲ್ಸ್‌ನ ಕೇಸಿನಲ್ಲಿ, 1980ರಲ್ಲಿ, ಆ ಮಾತೂ ಬಿದ್ದುಹೋಯಿತು.

ಇಲ್ಲಿಗೆ ನಿಲ್ಲಿಸಿದರೆ ಕೋರ್ಟು ಕಾಪಾಡಿತು ಅನ್ನುವ ಕತೆಯಾಗುತ್ತದೆ. ಪೂರ್ತಿ ಕತೆ ಹಾಗಿಲ್ಲ. 1976ರ ಏಪ್ರಿಲ್‌ನಲ್ಲಿ ಇದೇ ಕೋರ್ಟು, ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆ ಇಲ್ಲದೆ ಜೈಲು ಸೇರಿದವರು ಹೇಬಿಯಸ್ ಕಾರ್ಪಸ್, ಅಂದರೆ ತಮ್ಮ ಬಂಧನ ಸರಿಯೇ ಎಂದು ಕೋರ್ಟು ಪರೀಕ್ಷಿಸಲಿ ಅಂತ, ಕೇಳುವಂತಿಲ್ಲ ಅಂದಿತು. ನಾಲ್ವರು ಹಾಗೆ ಹೇಳಿದರು. ಎಚ್.ಆರ್. ಖನ್ನಾ ಒಬ್ಬರೇ ಬೇರೆ ಹೇಳಿದರು. ಮುಂದೆ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರ ಕೈ ತಪ್ಪಿತು. ಬೇಲಿ ಬೇಕಾದ ದಿನ ಬೇಲಿಯೇ ಇರಲಿಲ್ಲ. ಆ ತಪ್ಪನ್ನು ಮೊದಲು ತಿದ್ದಿದ್ದು ಸಂಸತ್ತು. ಜೀವ ಮತ್ತು ಸ್ವಾತಂತ್ರ್ಯದ 21ನೇ ವಿಧಿಯನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿ ಇಡುವಂತಿಲ್ಲ ಅಂತ 1978ರ 44ನೇ ತಿದ್ದುಪಡಿ ಬರೆಯಿತು. ಕೋರ್ಟು ತನ್ನ ಆ ತೀರ್ಪನ್ನು ತಾನೇ ಅಳಿಸಿದ್ದು 2017ರಲ್ಲಿ.

ಹಾಗಾಗಿ ‘ಹಕ್ಕು ಕಾಯುವವರು ನ್ಯಾಯಾಧೀಶರು, ಕಸಿಯುವವರು ರಾಜಕಾರಣಿಗಳು’ ಅನ್ನುವ ಲೆಕ್ಕ ನನಗೆ ಒಪ್ಪಿಗೆ ಇಲ್ಲ. ಒಬ್ಬರ ತಪ್ಪನ್ನು ತಿದ್ದಲು ಇನ್ನೊಬ್ಬರಿಗೆ ದಾರಿ ಉಳಿದಿದೆಯಾ ಅನ್ನುವುದೇ ನೋಡಬೇಕಾದದ್ದು. ಆ ದಾರಿ ತೀರಾ ಕಿರಿದಾಗುವ ಜಾಗ ಕೋರ್ಟು ತನ್ನದೇ ವಿಷಯದಲ್ಲಿ ತೀರ್ಪು ಕೊಡುವಾಗ. ನ್ಯಾಯಾಧೀಶರ ನೇಮಕಕ್ಕೆ ಆಯೋಗ ರಚಿಸುವ 99ನೇ ತಿದ್ದುಪಡಿಯನ್ನು 2015ರಲ್ಲಿ ಸುಪ್ರೀಂ ಕೋರ್ಟು 4ಕ್ಕೆ 1ರಿಂದ ರದ್ದು ಮಾಡಿತು. ನ್ಯಾಯಾಂಗದ ಸ್ವಾತಂತ್ರ್ಯ ಮೂಲ ಸ್ವರೂಪದ ಭಾಗ ಅನ್ನುವುದು ಕಾರಣ. 1973ರಲ್ಲಿ ಆದದ್ದನ್ನು ನೆನೆದರೆ ಆ ಭಯ ಸುಳ್ಳಲ್ಲ. ಆದರೆ ನ್ಯಾಯಾಧೀಶರನ್ನು ನ್ಯಾಯಾಧೀಶರೇ ಆರಿಸುವುದು, ಅದನ್ನು ಬದಲಿಸಹೊರಟಾಗ ಅವರೇ ಬೇಡ ಅನ್ನುವುದು ಮನಸ್ಸಿಗೆ ಕಸಿವಿಸಿ ಮಾಡುತ್ತದೆ. ಜರ್ಮನಿ ಇದಕ್ಕೆ ಬೇರೆ ಉಪಾಯ ಮಾಡಿದೆ. ಅಲ್ಲಿನ ಸಾಂವಿಧಾನಿಕ ಕೋರ್ಟಿನ 16 ನ್ಯಾಯಾಧೀಶರನ್ನು ಸಂಸತ್ತಿನ ಎರಡು ಸಭೆಗಳು ಅರ್ಧರ್ಧ ಆರಿಸುತ್ತವೆ, ಮೂರನೇ ಎರಡರಷ್ಟು ಬಹುಮತದಿಂದ. ಅವಧಿ 12 ವರ್ಷ, ಎರಡನೇ ಸಲ ಇಲ್ಲ. ಸಾಮಾನ್ಯವಾಗಿ ವಿರೋಧ ಪಕ್ಷದ ಒಪ್ಪಿಗೆ ಇಲ್ಲದೆ ಯಾರನ್ನೂ ಕೂರಿಸಲಾಗದು. ಮತ್ತೆ ಆರಿಸಿ ಬರುವ ಆಸೆಗೆ ತೀರ್ಪು ಬಗ್ಗಿಸುವ ಕಾರಣವೂ ಇಲ್ಲ.

ಮಾರನೇ ದಿನದ ಬಗ್ಗೆ ಕೋರ್ಟೇ ಮೊದಲೇ ಯೋಚಿಸಿದ ಒಂದು ತೀರ್ಪು ಇದೆ. 2005ರ ಡಿಸೆಂಬರ್ 1ರಂದು ದಕ್ಷಿಣ ಆಫ್ರಿಕಾದ ಸಾಂವಿಧಾನಿಕ ಕೋರ್ಟು, ಒಂದೇ ಲಿಂಗದ ಜೋಡಿಗಳಿಗೆ ಮದುವೆಯ ಹಕ್ಕು ಕೊಡದ ಕಾನೂನು ಸಮಾನತೆಗೆ ವಿರುದ್ಧ ಅಂತ ಹೇಳಿತು. ಆದರೆ ತಾನೇ ಕಾನೂನು ಬರೆಯಲಿಲ್ಲ. ಸಂಸತ್ತಿಗೆ 12 ತಿಂಗಳು ಕೊಟ್ಟಿತು. ಅಷ್ಟರೊಳಗೆ ಸರಿ ಮಾಡದಿದ್ದರೆ ಹಳೆಯ ವಿವಾಹ ಕಾನೂನಿನಲ್ಲಿ ಗಂಡ, ಹೆಂಡತಿ ಅನ್ನುವ ಪದಗಳ ಜೊತೆ ‘ಸಂಗಾತಿ’ ಅನ್ನುವ ಅರ್ಥದ ಪದ ತಾನಾಗಿ ಸೇರಿಕೊಳ್ಳುತ್ತದೆ ಅಂದಿತು. ತೀರ್ಪು ಬರೆದ ಆಲ್ಬಿ ಸ್ಯಾಕ್ಸ್ ಕೊಟ್ಟ ಕಾರಣ, ಜನಪ್ರತಿನಿಧಿಗಳ ಕೈಯಿಂದ ಬಂದ ಸಮಾನತೆ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ ಅನ್ನುವುದು. ಕೇಟ್ ಓರೀಗನ್ ಎಂಬ ನ್ಯಾಯಮೂರ್ತಿ ಇದೊಂದನ್ನು ಒಪ್ಪಲಿಲ್ಲ. ಹಕ್ಕು ಇದೆ ಅಂತ ಆದ ಮೇಲೆ ಕಾಯಿಸುವುದೇಕೆ, ಪರಿಹಾರವನ್ನು ಕೋರ್ಟು ಇವತ್ತೇ ಕೊಡಬೇಕು ಅಂದರು. ಇಬ್ಬರ ಮಾತನ್ನೂ ಓದಿದಾಗ, ಯಾರ ಕಡೆ ನಿಲ್ಲಬೇಕು ಅಂತ ನನಗೆ ಇನ್ನೂ ತೀರ್ಮಾನ ಆಗಿಲ್ಲ. ಸಂಸತ್ತು ಚರ್ಚೆ ಮಾಡಿತು. ಹೊಸ ಕಾನೂನು ಜಾರಿಗೆ ಬಂದದ್ದು 2006ರ ನವೆಂಬರ್ 30ರಂದು, ಗಡುವು ಮುಗಿಯುವುದಕ್ಕೆ ಒಂದು ದಿನ ಮುಂಚೆ.